ಕ್ರಿಕೆಟ್ ಆಟಗಾರರೂ ಅವರನ್ನು ಬರೆದವರೂ

ಪಂದ್ಯ ನಡೆದ ದಿನ ಸಂಜೆ ನೀವು ರೇಡಿಯೋ ತಿರುಗಿಸಿದಿರೆಂದರೆ ಮೊದಲು ಕೇಳಬಯಸುವುದು ಅಂಕಿಗಳನ್ನು. ಯಾರು ಎಷ್ಟು ರನ್ನು ಗಳಿಸಿದರು, ಯಾರಿಗೆ ಎಷ್ಟು ವಿಕೆಟ್ಟು ದೊರೆತವು, ಗೆದ್ದವರು ಯಾರು—ಇಷ್ಟು ತಿಳಿದರೆ ಮನೆಮಂದಿಗೆ ಸಮಾಧಾನ. ಅಂಕಿಗಳು ಸುಳ್ಳು ಹೇಳುವುದಿಲ್ಲವೆಂಬುದು ನಿಜ. ಆದರೆ ಅವು ಎಲ್ಲವನ್ನೂ ಹೇಳುವುದೂ ಇಲ್ಲ.

ನಮ್ಮವರದೇ ಒಂದು ಉದಾಹರಣೆ ನೋಡಿ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ಟು ಕಿತ್ತರು. ಭಾರತದ ಆಟ 190ಕ್ಕೆ ಮುಗಿಯಿತು. ಆ 190ರಲ್ಲಿ 97 ಭದ್ರಾವತಿಯ ಗುಂಡಪ್ಪ ವಿಶ್ವನಾಥರವು. ಅವರು ಔಟಾಗಲಿಲ್ಲ, ಜೊತೆಗೆ ನಿಲ್ಲುವವರು ಉಳಿಯಲಿಲ್ಲ. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಹುಡುಕಿದರೆ ಈ ಆಟ ನಿಮಗೆ ಸಿಕ್ಕುವುದಿಲ್ಲ. ಆದರೂ ಅನೇಕ ಶತಕಗಳು ಮರೆತುಹೋಗಿರುವಾಗ ಇದು ಮರೆತುಹೋಗಿಲ್ಲ. ಕಣ್ಣಾರೆ ಕಂಡವರು ಕೆಲವರು ಅದನ್ನು ಮನಸ್ಸಿಟ್ಟು ಬರೆದರು, ಓದಿದವರು ಮಕ್ಕಳಿಗೆ ಹೇಳಿದರು.

ಹಾಗಾದರೆ ಆಟಗಾರನೊಬ್ಬನ ಕೀರ್ತಿ ಅರ್ಧ ಅವನ ಕೈಯಲ್ಲಿದೆ, ಅರ್ಧ ಅವನನ್ನು ಕುರಿತು ಬರೆಯುವವನ ಕೈಯಲ್ಲಿದೆ ಎಂದಾಯಿತು. ಈ ಬರೆಯುವವರು ಆಟಗಾರರಿಗೆ ಯಾವ ರೂಪ ಕೊಟ್ಟರು, ಅದರಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂಬುದನ್ನು ನಿಮ್ಮೊಡನೆ ಈ ಹೊತ್ತು ವಿಚಾರಮಾಡಬೇಕೆಂದು ನನ್ನ ಆಸೆ.

ಈ ಮಾತು ತೆಗೆದರೆ ಮೊದಲು ಹೇಳಬೇಕಾದ ಹೆಸರು ಇಂಗ್ಲೆಂಡಿನ ನೆವಿಲ್ ಕಾರ್ಡಸ್ ಅವರದು. 1888ರಲ್ಲಿ ಮ್ಯಾಂಚೆಸ್ಟರಿನ ಬಡ ಮನೆಯೊಂದರಲ್ಲಿ ಹುಟ್ಟಿ, ಹದಿಮೂರರ ವಯಸ್ಸಿಗೇ ಶಾಲೆ ಬಿಟ್ಟು, ಪುಸ್ತಕಾಲಯಗಳಲ್ಲಿ ಕುಳಿತು ತಾವೇ ಓದಿ ಬೆಳೆದವರು. 1917ರಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆ ಸೇರಿದರು. 1919ರಲ್ಲಿ ಅವರ ಆರೋಗ್ಯ ಕೆಟ್ಟಿತು. ಸ್ವಲ್ಪ ಗಾಳಿ ಬಿಸಿಲು ಕಾಣಲೆಂದು ಪತ್ರಿಕೆಯವರು ಅವರನ್ನು ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಕಳುಹಿಸಿದರು. ಆರೋಗ್ಯ ಸುಧಾರಿಸಲೆಂದು ಹೋದವರಿಂದ ಕ್ರಿಕೆಟ್ ಬರವಣಿಗೆಯ ಲಕ್ಷಣವೇ ಬದಲಾಯಿತು. ಸಂಗೀತ ವಿಮರ್ಶಕರೂ ಆಗಿದ್ದ ಕಾರ್ಡಸ್, ಹಾಡುಗಾರನ ಮನೋಧರ್ಮವನ್ನು ಗುರುತಿಸುವಂತೆ ದಾಂಡಿಗನ ಮನೋಧರ್ಮವನ್ನು ಗುರುತಿಸಿದರು. ಅಂಕಪಟ್ಟಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ಹಟವಿದೆ, ಹಾಸ್ಯವಿದೆ, ಭಯವಿದೆ ಎಂದು ತೋರಿಸಿಕೊಟ್ಟರು.

ಯಾರ್ಕ್‌ಷೈರಿನ ಎಮಟ್ ರಾಬಿನ್‌ಸನ್ ಎಂಬ ಆಟಗಾರನನ್ನು ತೆಗೆದುಕೊಳ್ಳಿ. 1919ರಲ್ಲಿ, ಮೂವತ್ತೈದು ದಾಟಿದ ಮೇಲೆ, ಕೌಂಟಿ ತಂಡಕ್ಕೆ ಬಂದವರು, 1931ರವರೆಗೆ ಆಡಿದರು. ಒಂದು ಟೆಸ್ಟ್ ಪಂದ್ಯವನ್ನೂ ಆಡಲಿಲ್ಲ. ಅಂಕಿಗಳನ್ನೇ ನಂಬಿದ್ದರೆ ಇಂದು ಆ ಹೆಸರನ್ನು ಎತ್ತುವವರು ವಿರಳವಾಗಿರುತ್ತಿದ್ದರು. ಆದರೆ ಕಾರ್ಡಸ್ ಅವರ ಲೇಖನಗಳಲ್ಲಿ ರಾಬಿನ್‌ಸನ್ ಒಂದು ನಾಟಕದ ಪಾತ್ರದಂತೆ ಓಡಾಡುತ್ತಾರೆ. ಒಂದು ರನ್ನನ್ನೂ ಪುಕ್ಕಟೆ ಕೊಡದ ಜಿಪುಣತನ, ಅಂಪೈರರನ್ನು ಬೇಡುವ ಕೂಗು, ಆಟವನ್ನು ದುಡಿಮೆಯೆಂದೇ ಬಗೆದ ನಿಷ್ಠೆ, ಇವೆಲ್ಲ ಓದುಗನ ಕಣ್ಣಿಗೆ ಕಟ್ಟುತ್ತವೆ.

ತೊಡಕು ಇರುವುದೂ ಇಲ್ಲಿಯೇ. ರಾಬಿನ್‌ಸನ್ ಬಾಯಲ್ಲಿ ತಾವು ಇರಿಸಿದ ಮಾತುಗಳಲ್ಲಿ ಕೆಲವು ತಮ್ಮದೇ ಸೃಷ್ಟಿಯೆಂದು ಕಾರ್ಡಸ್ ಮುಂದೆ ಒಪ್ಪಿಕೊಂಡರು. ಆ ಮನುಷ್ಯನ ಸ್ವಭಾವಕ್ಕೆ ಒಪ್ಪುವ ಮಾತನ್ನೇ ತಾವು ಬರೆದದ್ದೆಂಬುದು ಅವರ ಸಮಾಧಾನ. ಕಥೆಗಾರನಿಗೆ ಈ ಸಮಾಧಾನ ಸಾಕು. ಚರಿತ್ರೆ ಬರೆಯುವವನಿಗೆ ಸಾಕೆ?

ಇನ್ನೊಂದು ಸಂಗತಿ ಕೇಳಿ. 1896ರ ಜುಲೈಯಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ ಆಸ್ಟ್ರೇಲಿಯಾದ ಎದುರು ಟೆಸ್ಟ್ ಪಂದ್ಯ. ಕೊನೆಯ ದಿನ ಆಸ್ಟ್ರೇಲಿಯಾಕ್ಕೆ ಬೇಕಾದದ್ದು 125 ರನ್ನು. ಇಂಗ್ಲೆಂಡಿನ ವೇಗದ ಬೌಲರ್ ಟಾಮ್ ರಿಚರ್ಡ್‌ಸನ್ ಮೂರು ಗಂಟೆಗಳ ಕಾಲ ಬಿಡುವಿಲ್ಲದೆ ಚೆಂಡೆಸೆದು 6 ವಿಕೆಟ್ಟು ಉರುಳಿಸಿದರು. ಇಡೀ ಪಂದ್ಯದಲ್ಲಿ 13. ಆದರೂ ಆಸ್ಟ್ರೇಲಿಯಾ 3 ವಿಕೆಟ್ಟುಗಳಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ರಿಚರ್ಡ್‌ಸನ್ ದಣಿದು ದಿಕ್ಕುತೋಚದೆ ನಿಂತಲ್ಲಿಯೇ ನಿಂತಿದ್ದರೆಂದೂ ಜೊತೆಗಾರನೊಬ್ಬ ಬಂದು ಕರೆದೊಯ್ಯಬೇಕಾಯಿತೆಂದೂ ಕಾರ್ಡಸ್ ಚಿತ್ರಿಸಿದರು. ಓದಿದವರ ಕಣ್ಣು ಒದ್ದೆಯಾಗುವಂಥ ಚಿತ್ರ. ಆದರೆ ಆ ದಿನ ಕಾರ್ಡಸ್ ಎಂಟು ವರ್ಷದ ಹುಡುಗ. ರಿಚರ್ಡ್‌ಸನ್ ಎಲ್ಲರಿಗಿಂತ ಮೊದಲೇ ಒಳಗೆ ಹೋಗಿ ಬಿಯರ್ ಕುಡಿಯುತ್ತ ಕುಳಿತಿದ್ದರೆಂಬ ಬೇರೊಂದು ಮಾತೂ ಬಳಕೆಯಲ್ಲಿದೆ. ಮೂರು ಗಂಟೆ ಬೆವರು ಸುರಿಸಿದವನು ಬಿಯರ್ ಕುಡಿದರೆ ಅವನ ದೊಡ್ಡಸ್ತಿಕೆ ಕಡಿಮೆಯಾಗದು. ಆದರೂ ನಮ್ಮ ಮನಸ್ಸಿನಲ್ಲಿ ನಿಂತಿರುವುದು ಕಾರ್ಡಸ್ ಬರೆದ ಚಿತ್ರವೇ.

ಇಲ್ಲಿ ಚಿತ್ರ ಸ್ವಲ್ಪ ಹೆಚ್ಚು ಹೊಳಪಾಯಿತು, ಅಷ್ಟೆ; ಯಾರಿಗೂ ನಷ್ಟವಾಗಲಿಲ್ಲ. ನಷ್ಟವಾಗುವ ಸಂದರ್ಭವೂ ಉಂಟು. ಅದನ್ನು ನೋಡಲು ಬೇರೆ ಕಡೆ ಹೋಗಬೇಕಾಗಿಲ್ಲ. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಪರವಾಗಿ ಆಡಿದ ಇನ್ನೊಬ್ಬರಿದ್ದರು—ಕಾಠೇವಾಡದ ರಣಜಿತ್‌ಸಿಂಹಜಿ.

ರಣಜಿಯವರಿಗೆ ಅದು ಮೊದಲ ಟೆಸ್ಟು. ಅದಕ್ಕೆ ಹಿಂದಿನ ಲಾರ್ಡ್ಸ್ ಪಂದ್ಯಕ್ಕೆ ಅವರನ್ನು ಆರಿಸಿರಲಿಲ್ಲ. ಇಲ್ಲಿ ಅವರು ಮೊದಲು 62, ಆಮೇಲೆ ಔಟಾಗದೆ 154 ರನ್ನು ಗಳಿಸಿದರು. ಕಾಲಿನ ಕಡೆಗೆ ಬಂದ ಚೆಂಡನ್ನು ಮಣಿಕಟ್ಟು ತಿರುಗಿಸಿ ಹಿಂದಕ್ಕೆ ಜಾರಿಸಿಬಿಡುವ ಅವರ ಹೊಡೆತವನ್ನು ಕಂಡು ಇಂಗ್ಲಿಷ್ ಲೇಖಕರು ಬೆರಗಾದರು. ಪೂರ್ವದೇಶದ ಮಾಟ, ಗಾರುಡಿಗನ ಕೈಚಳಕ, ಅರಬ್ಬಿ ಕಥೆಗಳ ಮಾಯೆ ಎಂದೆಲ್ಲ ಬರೆದರು. ಕಾರ್ಡಸ್ ಅವರೂ ಇದಕ್ಕೆ ಹೊರತಲ್ಲ. ಹೊಗಳಿಕೆಯೇನೋ ಹೊಗಳಿಕೆಯೇ. ಆದರೆ ಆ ಮಾಟದ ಹಿಂದಿನ ದುಡಿಮೆಯನ್ನು ಆ ಹೊಗಳಿಕೆ ಮುಚ್ಚಿಹಾಕಿತು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ರಣಜಿ ಹೆಸರಾಂತ ವೃತ್ತಿ ಬೌಲರುಗಳಿಗೆ ಹಣ ಕೊಟ್ಟು ಕರೆಸಿ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ವೇಗದ ಚೆಂಡಿಗೆ ಹಿಂದೆ ಸರಿಯುವ ಚಾಳಿ ತಪ್ಪಿಸಲು ಬಲಗಾಲನ್ನು ನೆಲಕ್ಕೆ ಕಟ್ಟಿಸಿಕೊಂಡು ಆಡುತ್ತಿದ್ದರೆಂದೂ ಆ ಪ್ರಸಿದ್ಧ ಹೊಡೆತ ಹುಟ್ಟಿದ್ದು ಹಾಗೆಯೇ ಎಂದೂ ಪ್ರತೀತಿ. ಇಂಗ್ಲಿಷಿನವನು ಚೆನ್ನಾಗಿ ಆಡಿದರೆ ಅದು ಸಾಧನೆ, ಹಿಂದೂಸ್ಥಾನದವನು ಆಡಿದರೆ ಮಂತ್ರವಿದ್ಯೆ! ಹೊಗಳುವಾಗಲೂ ಅನ್ಯಾಯವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಬಗೆಯ ಬರವಣಿಗೆಗೆ ಒಳ್ಳೆಯ ಉತ್ತರ ಬಂದದ್ದು ವೆಸ್ಟ್ ಇಂಡೀಸಿನಿಂದ. ಟ್ರಿನಿಡಾಡಿನ ಸಿ. ಎಲ್. ಆರ್. ಜೇಮ್ಸ್ ಎಂಬವರು 1963ರಲ್ಲಿ ಬಿಯಾಂಡ್ ಎ ಬೌಂಡರಿ ಎಂಬ ಪುಸ್ತಕ ಪ್ರಕಟಿಸಿದರು. ಆಟಗಾರನನ್ನು ತಿಳಿಯಬೇಕಾದರೆ ಅವನ ಬೀದಿ, ಅವನ ಬಣ್ಣ, ಅವನ ಅನ್ನದ ಚಿಂತೆ, ಎಲ್ಲವನ್ನೂ ತಿಳಿಯಬೇಕೆಂಬುದು ಅವರ ನಿಲುವು. ಲಿಯರಿ ಕಾನ್‌ಸ್ಟಂಟೈನ್ ಅವರನ್ನು ಕುರಿತು ಜೇಮ್ಸ್ ಬರೆದದ್ದನ್ನು ನೋಡಿ. ಕಾನ್‌ಸ್ಟಂಟೈನ್ ಆಡಿದ್ದು 18 ಟೆಸ್ಟು, ಬ್ಯಾಟಿಂಗ್ ಸರಾಸರಿ 20ನ್ನೂ ಮುಟ್ಟುವುದಿಲ್ಲ. ಆದರೆ ಲ್ಯಾಂಕಾಷೈರಿನ ನೆಲ್ಸನ್ ಪಟ್ಟಣದ ಪರವಾಗಿ 1929ರಿಂದ 1937ರವರೆಗೆ ಆಡಿ, ಒಂಬತ್ತು ವರ್ಷಗಳಲ್ಲಿ ಏಳು ಸಲ ಲೀಗ್ ಗೆಲ್ಲಿಸಿಕೊಟ್ಟರು. 1932ರಲ್ಲಿ ಇಂಗ್ಲೆಂಡಿಗೆ ಬಂದ ಜೇಮ್ಸ್ ಅವರಿಗೆ ತಮ್ಮ ಮನೆಯಲ್ಲಿಯೇ ಇರಲು ಎಡೆಕೊಟ್ಟರು. ಕರಿಯನೆಂದು ಲಂಡನ್ನಿನ ಹೋಟೆಲೊಂದು 1943ರಲ್ಲಿ ಇಳಿದುಕೊಳ್ಳಲು ಅವಕಾಶ ಕೊಡದಿದ್ದಾಗ ನ್ಯಾಯಾಲಯಕ್ಕೆ ಹೋಗಿ ಮರುವರ್ಷ ಗೆದ್ದರು. ಆ ಸರಾಸರಿಯ ಅಂಕಿಯಲ್ಲಿ ಈ ಮನುಷ್ಯನನ್ನು ಹುಡುಕಿದರೆ ಎಲ್ಲಿ ಸಿಕ್ಕಿಯಾನು?

ಜೇಮ್ಸ್ ಅವರ ಪುಸ್ತಕದಲ್ಲಿ ಮ್ಯಾಥ್ಯೂ ಬಾಂಡ್‌ಮನ್ ಎಂಬ ನೆರೆಯವನೊಬ್ಬ ಬರುತ್ತಾನೆ. ದುಡಿಮೆಯಿಲ್ಲ, ಮಾತು ಒರಟು, ಬಟ್ಟೆ ಕೊಳಕು. ಆದರೆ ಬ್ಯಾಟು ಹಿಡಿದರೆ ಸೊಬಗೇ ಮೈವೆತ್ತಂತೆ. ಮನೆಯ ಕಿಟಕಿಯಿಂದ ಅವನ ಆಟ ನೋಡುತ್ತಿದ್ದ ಹುಡುಗ ದೊಡ್ಡವನಾಗಿ ಲೇಖಕನಾದದ್ದರಿಂದ ಬಾಂಡ್‌ಮನ್ ಪ್ರಪಂಚಕ್ಕೆಲ್ಲ ಪರಿಚಿತನಾದ.

ಕಿಟಕಿಯಲ್ಲಿ ಅಂಥ ಹುಡುಗನಿಲ್ಲದೆ ಹೋದರೆ ಏನಾಗುತ್ತದೆ? ಈಗ ನಿಮಗೆ ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಬ್ಬರ ಕಥೆ ಹೇಳಬೇಕು.

ಪಾಲವಣಕರ ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, 1870ರ ದಶಕದ ನಡುವಿನಲ್ಲಿ. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚರ್ಮಕಾರರ ಮನೆತನ. ಬೆಳೆದದ್ದು ಪುಣೆಯಲ್ಲಿ. ಅಲ್ಲಿಯ ಕ್ರಿಕೆಟ್ ಮೈದಾನದಲ್ಲಿ ತಿಂಗಳಿಗೆ ಮೂರು ರೂಪಾಯಿ ಸಂಬಳದ ಚಾಕರಿ. ಆಮೇಲೆ ಯುರೋಪಿಯನ್ನರ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿ. ನೆಲ ಸಮಮಾಡುವುದು, ಬಲೆ ಕಟ್ಟುವುದು, ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯುವುದು ಅವರ ಕೆಲಸ. ಎಸೆದೆಸೆದೇ ಎಡಗೈ ಸ್ಪಿನ್ ಬೌಲಿಂಗಿನಲ್ಲಿ ಪ್ರವೀಣರಾದರು. ಹಿಂದೂ ತಂಡಕ್ಕೆ ಅವರ ಬೌಲಿಂಗು ಬೇಕಾಯಿತು, ಆದರೆ ಅವರ ಪಂಕ್ತಿ ಬೇಡವಾಯಿತು. ಆಟದ ನಡುವೆ ಚಹ ಕೊಡುವಾಗ ಅವರಿಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಒಬ್ಬರೇ ಮುಟ್ಟಿ ಎಸೆದ ಚೆಂಡನ್ನು ಹನ್ನೊಂದು ಜನರೂ ಮುಟ್ಟಬಹುದು, ಬಟ್ಟಲನ್ನು ಮಾತ್ರ ಮುಟ್ಟಬಾರದು!

ಮುಂದೆ ಮುಂಬಯಿಗೆ ಹೋದ ಬಾಳೂ 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಅದಕ್ಕೆ ಮುಖ್ಯ ಕಾರಣರಾದವರಲ್ಲಿ ಒಬ್ಬರು. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಳೂ ಎಲ್ಲ ಪಂದ್ಯಗಳಲ್ಲಿ ಸೇರಿ 114 ವಿಕೆಟ್ಟು ಪಡೆದರು. ಭಾರತದ ರೋಡ್ಸ್ ಎಂಬ ಬಿರುದೂ ಬಂದಿತು. ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್ ಅವರ ಹೆಸರನ್ನು ಹೊದಿಸಿದರೇ ಹೊರತು ಬಾಳೂ ಎಂಬ ಹೆಸರಿನ ಮನುಷ್ಯನ ಬಾಳನ್ನು ವಿಚಾರಿಸಿದವರು ಕಡಿಮೆ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ದೊರೆಯಲಿಲ್ಲ. 1920ರಲ್ಲಿ ಉಪನಾಯಕತ್ವ ದೊರೆಯಿತು. 1923ರಲ್ಲಿ ಅವರ ತಮ್ಮ ವಿಠ್ಠಲ ನಾಯಕರಾದರು, ತಂಡವನ್ನು ಗೆಲ್ಲಿಸಿದರು.

ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟರಲ್ಲಿ ಬಾಳೂ ಅವರ ಆಟದ ಕಾಲ ಮುಗಿದಿತ್ತು. ಟೆಸ್ಟ್ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರನ್ನು ಬರೆಯಲು ಒಬ್ಬ ಕಾರ್ಡಸ್ ಕೂಡ ಇರಲಿಲ್ಲ. 1955ರಲ್ಲಿ ತೀರಿಕೊಂಡಾಗ ದೇಶಕ್ಕೆ ಅವರ ನೆನಪು ಮಸಕಾಗಿತ್ತು. ತಮ್ಮ ವಿಠ್ಠಲ ಮರಾಠಿಯಲ್ಲಿ ಬರೆದ ಆತ್ಮಕಥೆಯೊಂದು, ಹಳೆಯ ಪತ್ರಿಕೆಗಳಲ್ಲಿ ಚದುರಿದ ಸುದ್ದಿಗಳಷ್ಟು ಉಳಿದಿದ್ದವು. ಬೆಂಗಳೂರಿನಲ್ಲಿ ನೆಲೆಸಿದ ಚರಿತ್ರಕಾರ ರಾಮಚಂದ್ರ ಗುಹಾ ಅವುಗಳನ್ನೆಲ್ಲ ಕಲೆಹಾಕಿ, 2002ರಲ್ಲಿ ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್ ಎಂಬ ಗ್ರಂಥ ಬರೆದ ಮೇಲೆ ಬಾಳೂ ಮತ್ತೆ ನಮ್ಮ ಕಣ್ಣಿಗೆ ಬಿದ್ದರು. ಸತ್ತ ನಲವತ್ತೇಳು ವರ್ಷಗಳ ಮೇಲೆ!

ಗುಹಾ ಅವರು ಬಾಳೂ ಅವರನ್ನು ದೇವರಾಗಿ ಕೂರಿಸಲಿಲ್ಲ ಎಂಬುದನ್ನೂ ಹೇಳಬೇಕು. 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ಅವರ ಎದುರಿಗೇ ನಿಂತು ಸೋತ ಸಂಗತಿಯೂ ಅಲ್ಲಿದೆ. ಇಷ್ಟನ್ನೂ ಹೇಳಿದಾಗಲೇ ಮನುಷ್ಯ ಪೂರ್ತಿಯಾಗಿ ಕಾಣುವುದು. ಕಾರ್ಡಸ್ ಅವರಿಂದ ನಾವು ಕಲಿಯಬೇಕಾದದ್ದು ಪ್ರೀತಿ. ಜೇಮ್ಸ್ ಅವರಿಂದ ಮನುಷ್ಯನ ಸುತ್ತಮುತ್ತ ನೋಡುವ ಕಣ್ಣು. ಗುಹಾ ಅವರಿಂದ ಹಳೆಯ ಕಾಗದಗಳ ಧೂಳು ಕೊಡಹುವ ತಾಳ್ಮೆ.

ಇನ್ನು ನಾವು ನೀವು ಮಾಡಬೇಕಾದದ್ದೇನು? ದೊಡ್ಡ ಆಟಗಾರನನ್ನು ಕುರಿತು ಓದುವಾಗ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಇದನ್ನು ಬರೆದವರು ಕಂಡು ಬರೆದರೋ, ಬಯಸಿ ಬರೆದರೋ? ಈ ಚಿತ್ರದಿಂದ ಹೊರಗೆ ಉಳಿದವರು ಯಾರು? ನಿಮ್ಮ ಊರಿನಲ್ಲಿಯೂ ನಲವತ್ತು ವರ್ಷ ಮೈದಾನಕ್ಕೆ ನೀರು ಹಾಕಿ, ಸುಣ್ಣದ ಗೆರೆ ಎಳೆದು, ಹುಡುಗರಿಗೆ ಚೆಂಡೆಸೆದ ಹಿರಿಯರೊಬ್ಬರು ಇದ್ದಾರು. ಅವರ ಅಂಕಿಗಳು ಯಾವ ಪುಸ್ತಕದಲ್ಲಿಯೂ ಇರಲಾರವು. ಬರುವ ಭಾನುವಾರ ಸಂಜೆ ಮನೆಯ ಹುಡುಗರನ್ನು ಕರೆದುಕೊಂಡು ಹೋಗಿ ಅವರ ಬಳಿ ಒಂದು ಗಂಟೆ ಕುಳಿತುಬನ್ನಿ. ಅವರು ಹೇಳಿದ್ದನ್ನು ಹುಡುಗರು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಸೇರಿಸುವುದು ಬೇಡ, ಬಿಡುವುದೂ ಬೇಡ.