ಅಕ್ಷರ ಕೆತ್ತಿದ ಕಮ್ಮಾರ

(ಶಾಲೆಯ ಸುವರ್ಣ ಮಹೋತ್ಸವದಂದು ಮಾಡಿದ ಭಾಷಣ)



ಈ ಶಾಲೆ ಬಿಟ್ಟ ಮೇಲೆ ನಾನು ಬಹಳ ವರ್ಷ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವನು. ಇಂದು ನನ್ನ ಕಸುಬಿನ ಹಿರಿಯರೊಬ್ಬರನ್ನು ನೆನೆಯುತ್ತೇನೆ. ಅವರ ಹೆಸರು ಪಂಚಾನನ ಕರ್ಮಕಾರ. ಬಂಗಾಳದ ಹೂಗ್ಲಿ ಸೀಮೆಯವರು. ಕರ್ಮಕಾರ ಎಂದರೆ ನಮ್ಮ ಕಮ್ಮಾರರೇ.

1778ರಲ್ಲಿ ಹೂಗ್ಲಿಯಲ್ಲಿ ಹಾಲ್‌ಹೆಡ್ ಎಂಬ ಇಂಗ್ಲಿಷರ ಬಂಗಾಳಿ ವ್ಯಾಕರಣ ಅಚ್ಚಾಯಿತು. ಅದರ ಬಂಗಾಳಿ ಮೊಳೆಗಳನ್ನು ಚಾರ್ಲ್ಸ್ ವಿಲ್ಕಿನ್ಸ್ ಅವರ ಜೊತೆ ನಿಂತು ಸಿದ್ಧಮಾಡಿದವರು ಪಂಚಾನನರು. ಉಕ್ಕಿನ ಸಣ್ಣ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಬೇಕು. ಅದನ್ನು ಕಾಯಿಸಿ ಗಟ್ಟಿಮಾಡಿ ತಾಮ್ರದ ತುಂಡಿಗೆ ಹೊಡೆಯಬೇಕು. ಆ ಗುಳಿಗೆ ಕರಗಿದ ಸೀಸ ಹೊಯ್ದರೆ ಮೊಳೆ. ನಮ್ಮಂತೆ ಬಂಗಾಳಿಯಲ್ಲೂ ಕಾಗುಣಿತವಿದೆ, ಒತ್ತಕ್ಷರವಿದೆ. ಹಾಗಾಗಿ ಐವತ್ತು ಅಕ್ಷರ ಕೆತ್ತಿದರೆ ಕೆಲಸ ಮುಗಿಯುವುದಿಲ್ಲ, ನೂರಾರು ಬೇಕು. ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಮೊದಲಿನಿಂದ.

ಆ ಪುಸ್ತಕದ ಮುನ್ನುಡಿಯಲ್ಲಿ ಹಾಲ್‌ಹೆಡ್ ವಿಲ್ಕಿನ್ಸ್ ಅವರನ್ನು ಮನಸಾರೆ ಹೊಗಳಿದ್ದಾರೆ. ಕೆತ್ತಿದವರೂ ಎರಕ ಹೊಯ್ದವರೂ ಅಚ್ಚುಹಾಕಿದವರೂ ಅವರೊಬ್ಬರೇ ಎಂಬಂತೆ. ಪಂಚಾನನರ ಹೆಸರು ಅಲ್ಲಿಲ್ಲ.

ಮುಂದೆ ಅವರು ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಮುದ್ರಣಾಲಯ ಸೇರಿದರು. ನಾಗರಿ ಅಕ್ಷರಗಳನ್ನೂ ಕೆತ್ತಿದರು. ಅದಕ್ಕಿಂತ ದೊಡ್ಡ ಮಾತೆಂದರೆ, ಅಳಿಯ ಮನೋಹರರಿಗೆ ವಿದ್ಯೆ ಕಲಿಸಿಕೊಟ್ಟರು. 1812ರಲ್ಲಿ ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಕಾಗದ ಸುಟ್ಟಿತು, ಸೀಸದ ಮೊಳೆಗಳು ಕರಗಿಹೋದವು. ಆದರೆ ಕೆತ್ತಿದ ಉಕ್ಕಿನ ಕಡ್ಡಿಗಳು ಉಳಿದವು. ಅವುಗಳಿಂದಲೇ ಮತ್ತೆ ಮೊಳೆ ಹೊಯ್ದು ಕೆಲಸ ನಡೆಸಿದರು. ಅದೇ ಶ್ರೀರಾಮಪುರದಲ್ಲಿ 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣವೂ ಅಚ್ಚಾಯಿತು. ಆಗ ಪಂಚಾನನರು ಇರಲಿಲ್ಲ. ಅವರು ಕಲಿಸಿದ ಕಸುಬು ಇತ್ತು.

ನಮ್ಮ ಶಾಲೆಯ ಕಲ್ಲುಫಲಕದಲ್ಲಿ ಉದ್ಘಾಟಿಸಿದವರ ಹೆಸರಿದೆ, ದಾನಿಗಳ ಹೆಸರಿದೆ. ಇರಲೇಬೇಕು. ಆದರೆ ಗೋಡೆ ಕಟ್ಟಿದ ಮೇಸ್ತ್ರಿ, ಬಾಗಿಲು ಮಾಡಿದ ಬಡಗಿ, ಆ ಫಲಕದ ಅಕ್ಷರ ಕೆತ್ತಿದ ಕಲ್ಲುಕುಟಿಗ ಯಾರು? ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳೆ, ಈ ವಾರವೇ ಅವರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಿ. ಸಂಚಿಕೆಯಲ್ಲಿ ಆ ಹೆಸರುಗಳಿಗೆ ಒಂದು ಪುಟ ಕೊಡಿರೆಂದು ಸಮಿತಿಯವರನ್ನು ಕೈಮುಗಿದು ಕೇಳುತ್ತೇನೆ.