ವಿದ್ಯಾದಾಸೋಹದಲ್ಲಿ ಪ್ರಮಾಣದ ಸ್ಥಾನ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠದ ದಾಸೋಹದ ಪಂಕ್ತಿಯನ್ನು ಕಾಣದವರು ಈ ಸಭೆಯಲ್ಲಿ ಒಬ್ಬರೂ ಇರಲಾರರು. ಬಡಿಸುವವನು ಪಂಕ್ತಿಯ ಈ ತುದಿಯಿಂದ ಆ ತುದಿಗೆ ನಡೆಯುವಾಗ ಅವನ ದೃಷ್ಟಿಯು ಎಲೆಗಳ ಮೇಲೆಯೇ ಇರುತ್ತದೆ. ಯಾರ ಎಲೆಯಲ್ಲಿ ಅನ್ನವು ತೀರಿದೆ, ಯಾರಿಗೆ ಸಾರು ಬೇಕಾಗಿದೆ, ಯಾವ ಹುಡುಗನು ಸಂಕೋಚದಿಂದ ಕೇಳದೆ ತಲೆತಗ್ಗಿಸಿ ಕುಳಿತಿದ್ದಾನೆ ಎಂಬುದನ್ನು ಅವನು ನೋಡುತ್ತಾನೆ; ನೋಡಿ ಬಡಿಸುತ್ತಾನೆ. ಕೊಪ್ಪರಿಗೆಯ ತುಂಬ ಅನ್ನವು ಬೆಂದಿತೆಂಬ ಮಾತ್ರಕ್ಕೆ ಪಂಕ್ತಿಯವರೆಲ್ಲರೂ ಉಂಡರೆಂದು ಯಾವ ದಾಸೋಹಿಯೂ ತಿಳಿಯುವುದಿಲ್ಲ. ಎಲೆಯನ್ನು ನೋಡದೆ ಬಡಿಸುವುದು ದಾಸೋಹವೆನಿಸದು.

ಅನ್ನದ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿರುವ ಈ ಧರ್ಮವು ಅಕ್ಷರದ ವಿಷಯದಲ್ಲಿ ಎಷ್ಟರಮಟ್ಟಿಗೆ ಪಾಲಿತವಾಗುತ್ತಿದೆ ಎಂಬುದೇ ಇಂದಿನ ವಿಚಾರ. ವಿದ್ಯಾದಾನದಲ್ಲಿ ನಾಡಿನ ಮಠಗಳು ಮಾಡಿರುವ ಸೇವೆಯನ್ನು ಇಲ್ಲಿ ವಿಸ್ತರಿಸಿ ಹೇಳಬೇಕಾದುದಿಲ್ಲ. 1909ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದೂ, 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತುದೂ ಸರ್ವವಿದಿತವಾಗಿವೆ. ಭಕ್ತರು ಕಟ್ಟಡಗಳನ್ನು ಕಟ್ಟಿಸಿದ್ದಾರೆ, ದತ್ತಿಗಳನ್ನಿಟ್ಟಿದ್ದಾರೆ. ಆದರೆ ಪಾಠಶಾಲೆಯ ಕೊನೆಯ ಸಾಲಿನಲ್ಲಿ ಕುಳಿತ ಹುಡುಗನ ಎಲೆಯಲ್ಲಿ ಏನು ಬಿದ್ದಿದೆಯೆಂಬುದನ್ನು ಬಗ್ಗಿ ನೋಡುವವರು ಎಷ್ಟು ಮಂದಿ?

ಹೀಗೆ ನೋಡುವುದಕ್ಕೇ ಪ್ರಮಾಣವೆಂದು ಹೆಸರು. ಒಂದು ಬೋಧನಾಕ್ರಮವು ಒಳ್ಳೆಯದೆಂದು ಹಿರಿಯರು ಹೇಳಿದ ಮಾತ್ರದಿಂದಾಗಲಿ, ಬೇರೆ ದೇಶದಲ್ಲಿ ನಡೆಯುತ್ತಿದೆಯೆಂಬ ಮಾತ್ರದಿಂದಾಗಲಿ ಒಪ್ಪಿಕೊಳ್ಳದೆ, ಅದನ್ನು ಅನುಸರಿಸಿದ ಮಕ್ಕಳನ್ನೂ ಅನುಸರಿಸದ ಮಕ್ಕಳನ್ನೂ ಹೋಲಿಸಿ, ಫಲವೇನಾಯಿತೆಂದು ಅಳೆದು ತಿಳಿಯುವುದು ಇದರ ರೀತಿ. ಕೇಳಿದ ಮಾತಿಗಿಂತ ಕಂಡುಂಡ ಅನುಭವವನ್ನೇ ಮೇಲೆಂದು ಬಗೆದ ಶರಣರ ಪರಂಪರೆಗೆ ಈ ಮಾರ್ಗವು ಅಪರಿಚಿತವಲ್ಲ.

ಮೊದಲು ಎಲೆಯ ಸ್ಥಿತಿಯನ್ನು ನೋಡೋಣ. ‘ಪ್ರಥಮ್’ ಎಂಬ ಸಂಸ್ಥೆಯು ಜನರ ನೆರವಿನಿಂದ 2005ರಿಂದ ನಮ್ಮ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿ ನೋಡುವ ಸಮೀಕ್ಷೆಯನ್ನು ನಡೆಸುತ್ತ ಬಂದಿದೆ. 5ನೆಯ ತರಗತಿಯ ಮಕ್ಕಳಲ್ಲಿ 2ನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 50 ಮಂದಿ. ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿದ್ದು ಮತ್ತೆ ತೆರೆದ ಮೇಲೆ 2022ರಲ್ಲಿ ನೂರಕ್ಕೆ ಸುಮಾರು 43 ಮಂದಿ. ಉಳಿದವರು ಶಾಲೆಗೆ ಬಾರದವರಲ್ಲ. ನಾಲ್ಕು ವರ್ಷ ಬೆಂಚಿನ ಮೇಲೆ ಕುಳಿತು ಬಂದವರು. ಪಂಕ್ತಿಯಲ್ಲಿ ಕುಳಿತೂ ಉಪವಾಸವಿದ್ದವರು.

ಇದಕ್ಕೆ ಪರಿಹಾರವೇನು? ಗುಜರಾತಿನ ವಡೋದರದಲ್ಲಿಯೂ ಮುಂಬಯಿಯಲ್ಲಿಯೂ 2001ರಿಂದ 2003ರವರೆಗೆ ಒಂದು ಪ್ರಯೋಗವು ನಡೆಯಿತು. ಆಯಾ ಪ್ರದೇಶದವರೇ ಆದ ತರುಣಿಯರಿಗೆ ಸ್ವಲ್ಪಕಾಲ ತರಬೇತಿಯನ್ನಿತ್ತು ‘ಬಾಲಸಖಿ’ಯರೆಂದು ನೇಮಿಸಲಾಯಿತು. ತರಗತಿಯಲ್ಲಿ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ಬಾಲಸಖಿಯು ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕವಾಗಿ ಕರೆದುಕೊಂಡು, ಅವರಿಗೆ ತಿಳಿಯದಿದ್ದ ಅಕ್ಷರ, ಅಂಕಿ, ಕೂಡುವ ಕಳೆಯುವ ಲೆಕ್ಕಗಳಿಂದಲೇ ಕಲಿಸತೊಡಗಿದಳು. ಫಲವನ್ನು ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿಯವರೂ ಎಸ್ತೆರ್ ಡುಫ್ಲೊ ಅವರೂ ಇದ್ದರು. ಇವರಿಗೆ ಮೈಕೆಲ್ ಕ್ರೆಮರ್ ಅವರೊಡನೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಬಾಲಸಖಿಯರ ಬಳಿ ಕಲಿತ ಮಕ್ಕಳು ಗಣನೀಯವಾಗಿ ಮುಂದುವರಿದರು. ಆದರೆ ಅವರು ಎದ್ದು ಹೋದುದರಿಂದ ತರಗತಿಯಲ್ಲಿ ಜನಸಂಖ್ಯೆಯು ಕಡಿಮೆಯಾಗಿದ್ದರೂ ಅಲ್ಲಿಯೇ ಉಳಿದ ಮಕ್ಕಳಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಅಂದ ಮೇಲೆ ತರಗತಿಯನ್ನು ಚಿಕ್ಕದು ಮಾಡಿದುದಕ್ಕಿಂತ ಮಗುವು ನಿಂತಿರುವ ಮೆಟ್ಟಿಲಿನಿಂದಲೇ ಪಾಠವನ್ನು ಆರಂಭಿಸಿದುದು ಹೆಚ್ಚಿನ ಫಲವನ್ನು ಕೊಟ್ಟಿತೆಂದಾಯಿತು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಕೆಲವು ಮಕ್ಕಳಿಗೆ ಕೊಟ್ಟು ಕೆಲವರಿಗೆ ಕೊಡದೆ ಪರೀಕ್ಷಿಸುವುದು ಪಂಕ್ತಿಭೇದವಲ್ಲವೆ? ಈ ಶಂಕೆಯು ಯೋಗ್ಯವಾದುದೇ. ಆ ಪ್ರಯೋಗದಲ್ಲಿ ಇದಕ್ಕೆ ಕಂಡುಕೊಂಡ ಉಪಾಯವು ಸರಳವಾಗಿತ್ತು: ಕೆಲವು ಶಾಲೆಗಳಲ್ಲಿ 3ನೆಯ ತರಗತಿಗೂ ಮಿಕ್ಕವುಗಳಲ್ಲಿ 4ನೆಯ ತರಗತಿಗೂ ಬಾಲಸಖಿಯನ್ನು ಕೊಟ್ಟರು. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಹೋಲಿಕೆಗೂ ಅವಕಾಶವಾಯಿತು. ಫಲವನ್ನು ತಿಳಿಯದೆ ಎಲ್ಲರಿಗೂ ಒಂದನ್ನೇ ಹಂಚುವುದರಿಂದ ನ್ಯಾಯವಾಗುವುದೆಂದೂ ಹೇಳಲಾಗದು. ಕೀನ್ಯಾ ದೇಶದ ಗ್ರಾಮಾಂತರ ಶಾಲೆಗಳಲ್ಲಿ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಕೊಟ್ಟು ನೋಡಿದಾಗ, ಮೊದಲೇ ಮುಂದಿದ್ದವರಿಗೆ ಮಾತ್ರ ಪ್ರಯೋಜನವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದುವು, ಬಹುಪಾಲು ಮಕ್ಕಳಿಗೆ ಅವು ಓದಲು ಬಾರದ ಪುಸ್ತಕಗಳಾಗಿದ್ದುವು. ದಾನವು ಸಮನಾಗಿತ್ತು, ಫಲವು ಸಮನಾಗಲಿಲ್ಲ.

ಇನ್ನೊಂದು ಪಾಠವು ಉಪಾಧ್ಯಾಯರಿಗೆ ಸಂಬಂಧಿಸಿದ್ದು. ಬಿಹಾರದಲ್ಲಿ ಸರ್ಕಾರಿ ಉಪಾಧ್ಯಾಯರಿಗೆ ಇದೇ ಕ್ರಮದ ತರಬೇತಿಯನ್ನೂ ಸಾಮಗ್ರಿಯನ್ನೂ ಕೊಟ್ಟು ಬಿಟ್ಟಾಗ ಫಲವು ಕಾಣಿಸಲಿಲ್ಲ. ಆದರೆ 2008ರ ಬೇಸಗೆಯ ರಜೆಯಲ್ಲಿ ಅಲ್ಲಿಯ ಸರ್ಕಾರಿ ಉಪಾಧ್ಯಾಯರೇ ಶಿಬಿರ ನಡೆಸಿ ಕಲಿಸಿದಾಗ ಮಕ್ಕಳು ಮುಂದುವರಿದರು. ಉಪಾಧ್ಯಾಯರಿಗೆ ಶಕ್ತಿಯಿಲ್ಲದೆ ಇರಲಿಲ್ಲ. ಪಠ್ಯವನ್ನು ಮುಗಿಸಬೇಕೆಂಬ ಹೊರೆಯು ಶಾಲೆಯ ದಿನಗಳಲ್ಲಿ ಅವರ ಕೈಗಳನ್ನು ಕಟ್ಟಿಹಾಕಿತ್ತು. ಇದನ್ನರಿತು ಹರಿಯಾಣದಲ್ಲಿ 2012-13ರಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕಾಗಿಯೇ ಮೀಸಲಿಟ್ಟರು. ಆ ಗಂಟೆಯಲ್ಲಿ ವಯಸ್ಸಿನ ತರಗತಿಯನ್ನು ಬಿಟ್ಟು ಓದುವ ಶಕ್ತಿಗೆ ತಕ್ಕಂತೆ ಮಕ್ಕಳನ್ನು ಗುಂಪುಗೂಡಿಸಿದರು. ಮೇಲ್ವಿಚಾರಕರು ಬಂದು ನೋಡಿ ಸಹಾಯಮಾಡುತ್ತಿದ್ದರು. ಆಗ ಹಿಂದಿಯ ವಾಚನವು ಉತ್ತಮಗೊಂಡಿತು. ಉಪಾಧ್ಯಾಯರನ್ನು ನಿಂದಿಸುವುದು ಸುಲಭ. ಅವರಿಗೆ ಒಂದು ಗಂಟೆಯನ್ನು ಬಿಡಿಸಿಕೊಡುವುದು ಆಡಳಿತದವರ ಕರ್ತವ್ಯ.

ಹಳೆಯ ಪಾಠಶಾಲೆಗಳ ಒಂದು ಪದ್ಧತಿಯನ್ನು ಇದೇ ಒರೆಗಲ್ಲಿನ ಮೇಲೆ ಉಜ್ಜಿ ನೋಡಬಹುದು. ಶಿಷ್ಯನು ನಿನ್ನೆಯ ಪಾಠವನ್ನು ಪುಸ್ತಕ ನೋಡದೆ ಗುರುವಿಗೆ ಒಪ್ಪಿಸಬೇಕಾಗಿತ್ತು. ಇದು ಬರಿಯ ಗಿಳಿಪಾಠವೆಂದು ನವೀನರು ಹಳಿದುದುಂಟು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ಗದ್ಯಭಾಗವನ್ನು ಮತ್ತೆಮತ್ತೆ ಓದಿದವರಿಗೆ ಐದು ನಿಮಿಷಗಳ ತರುವಾಯ ಹೆಚ್ಚು ನೆನಪಿತ್ತು. ಆದರೆ ಒಂದು ವಾರದ ಮೇಲೆ, ಓದಿದುದನ್ನು ಪುಸ್ತಕವಿಲ್ಲದೆ ನೆನೆದು ಬರೆದವರಿಗೇ ಹೆಚ್ಚು ಉಳಿದಿತ್ತು. ನೆನೆಯುವ ಶ್ರಮವೇ ನೆನಪನ್ನು ಗಟ್ಟಿಮಾಡುವುದು. ಆದುದರಿಂದ ಒಪ್ಪಿಸುವ ಪದ್ಧತಿಯನ್ನು ಉಳಿಸಿಕೊಳ್ಳಬಹುದು. ಆದರೆ ತಪ್ಪಿದವನಿಗೆ ಬೀಳುತ್ತಿದ್ದ ಛಡಿಯೇಟನ್ನು ಉಳಿಸಿಕೊಳ್ಳಲಾಗದು. ಮಗುವಿನ ಮೈಯನ್ನು ದಂಡಿಸುವುದನ್ನೂ ಮನಸ್ಸನ್ನು ಪೀಡಿಸುವುದನ್ನೂ 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ನಿಷೇಧಿಸಿದೆ. ಕಾಯಿದೆಗಿಂತ ಮೊದಲೇ ದಯೆಯ ಧರ್ಮವು ನಿಷೇಧಿಸಿತ್ತು.

ಅನ್ನದ ವಿಷಯಕ್ಕೂ ಪ್ರಮಾಣವುಂಟು. ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆಜ್ಞಾಪಿಸಿತು. ಕರ್ನಾಟಕವು 2002-03ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭಿಸಿದ ಈ ಯೋಜನೆಗೆ ‘ಅಕ್ಷರ ದಾಸೋಹ’ವೆಂದೇ ಹೆಸರಿಟ್ಟಿತು, ಶರಣರ ಮಾತು ಸರ್ಕಾರದ ಮಾತಾಯಿತು. ದೇಶದ ಮಕ್ಕಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಒಂದು ವರ್ಷಕ್ಕಿಂತ ಕಡಿಮೆ ಕಾಲ ಈ ಊಟವನ್ನು ಪಡೆದವರಿಗಿಂತ ಐದು ವರ್ಷಗಳವರೆಗೆ ಪಡೆದವರ ವಾಚನದ ಅಂಕಗಳು ನೂರಕ್ಕೆ 18ರಷ್ಟೂ ಗಣಿತದ ಅಂಕಗಳು ನೂರಕ್ಕೆ 9ರಷ್ಟೂ ಹೆಚ್ಚಾಗಿದ್ದುವು. ಅನ್ನದಾಸೋಹವೂ ವಿದ್ಯಾದಾಸೋಹವೂ ಬೇರೆಬೇರೆಯಲ್ಲವೆಂದು ಮಠಗಳು ನಂಬಿ ನಡೆದುದು ಹೀಗೆ ಅಂಕಿಗಳಿಂದಲೂ ಸಿದ್ಧವಾಯಿತು.

ಹೊಟ್ಟೆಯ ಹಸಿವು ಮುಖದಲ್ಲಿ ಕಾಣುತ್ತದೆ. ಮನಸ್ಸಿನ ಹಸಿವು ಕಾಣುವುದು ಕಷ್ಟ. ಪ್ರಸಾದನಿಲಯಕ್ಕೆ ಬರುವ ಹುಡುಗನು ತಂದೆತಾಯಿಗಳನ್ನೂ ಊರನ್ನೂ ಬಿಟ್ಟು ಬಂದವನು. ರಾತ್ರಿ ಹೊದಿಕೆಯೊಳಗೆ ಅಳುವವನನ್ನು ಹಗಲು ಸಾಲಿನಲ್ಲಿ ನಿಲ್ಲಿಸಿ ಎಣಿಸಿದರೆ ತಿಳಿಯುವುದಿಲ್ಲ. ಹಿರಿಯ ಹುಡುಗರ ಕಾಟವನ್ನು ಅವನು ಯಾರಿಗೆ ಹೇಳಬೇಕು? ಬಿಹಾರದ ನಾಲಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೆಹರ್’ ಎಂಬ ಪ್ರಯೋಗವು ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಒಬ್ಬ ಸಾಮಾನ್ಯ ವ್ಯಕ್ತಿಯನ್ನು ‘ಮಿತ್ರ’ನೆಂದು ನೇಮಿಸಿದರು; ಕೆಲವು ಶಾಲೆಗಳಲ್ಲಿ ಉಪಾಧ್ಯಾಯರೊಬ್ಬರಿಗೇ ಆ ಕೆಲಸವನ್ನು ವಹಿಸಿದರು; ಉಳಿದವು ಹೋಲಿಕೆಗೆ. ಪ್ರಾರ್ಥನೆಯ ವೇಳೆಯಲ್ಲಿ ಹಿತವಚನ, ಗೋಡೆಪತ್ರಿಕೆ, ಮಕ್ಕಳು ದುಃಖವನ್ನು ಬರೆದು ಹಾಕುವುದಕ್ಕೊಂದು ಪೆಟ್ಟಿಗೆ, ಏಕಾಂತದಲ್ಲಿ ಕುಳಿತು ಆಲಿಸುವುದು, ಇವೇ ಆ ಕೆಲಸದ ಮುಖ್ಯಾಂಗಗಳು. ಮಿತ್ರನಿದ್ದ ಶಾಲೆಗಳಲ್ಲಿ ವಾತಾವರಣವು ಹಿತವಾಯಿತು. ಮಕ್ಕಳ ಖಿನ್ನತೆಯೂ ಪರಸ್ಪರ ಪೀಡನೆಯೂ ಹಿಂಸೆಯೂ ಕಡಿಮೆಯಾದುವು. ಉಪಾಧ್ಯಾಯರೇ ನಡೆಸಿದಲ್ಲಿ ಅಂಥ ಫಲವು ಕಾಣಲಿಲ್ಲ. ಪಾಠ ಹೇಳುವವರು, ಅಂಕ ಕೊಡುವವರು, ಶಿಸ್ತು ಕಾಯುವವರು ತಾವೇ ಆಗಿರುವಾಗ ಅವರೆದುರು ಮಗುವು ಮನಸ್ಸನ್ನು ಬಿಚ್ಚಲು ಹಿಂಜರಿದರೆ ಆಶ್ಚರ್ಯವೇನು?

ಇಷ್ಟಾದರೂ ಪ್ರಮಾಣಕ್ಕೆ ಮಿತಿಯುಂಟೆಂಬುದನ್ನು ಮರೆಯಬಾರದು. ವಡೋದರದ ಮಕ್ಕಳು ಗಳಿಸಿದ ಲಾಭದಲ್ಲಿ ಬಹುಭಾಗವು, ಬಾಲಸಖಿಯರು ಹೋದ ಒಂದು ವರ್ಷದೊಳಗೆ ಕರಗಿತೆಂದು ಅದೇ ಸಂಶೋಧಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಒಂದು ಊರಿನ ಫಲವು ಇನ್ನೊಂದು ಊರಿನಲ್ಲಿ ಹಾಗೆಯೇ ಬರಬೇಕೆಂಬ ನಿಯಮವಿಲ್ಲ. ಸರಾಸರಿಯೆಂಬುದು ನೂರು ಮಕ್ಕಳ ಮಾತು; ಗುರುವಿನ ಮುಂದೆ ಕುಳಿತಿರುವುದು ಒಂದೇ ಮಗು. ಶೀಲ, ಭಕ್ತಿ, ವಿನಯಗಳನ್ನು ಅಳೆಯುವ ಕೋಲೂ ಇನ್ನೂ ಸಿದ್ಧವಾಗಿಲ್ಲ. ಪ್ರಮಾಣವು ಗುರುವಿನ ಕೈಯ ದೀಪ, ನಡೆಯಬೇಕಾದವನು ಗುರುವೇ.

ಹಾಗಾದರೆ ಮಠದ ಶಾಲೆಗಳಲ್ಲಿ ಮಾಡತಕ್ಕುದೇನು? ಇದಕ್ಕೆ ಹೆಚ್ಚು ಹಣವು ಬೇಕಿಲ್ಲ. ವರ್ಷಾರಂಭದ ವಾರದಲ್ಲಿ ಪ್ರತಿಯೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟವನ್ನು ಓದಿಸಿ, ಒಂದು ಲೆಕ್ಕವನ್ನು ಮಾಡಿಸಿ, ಕಂಡುದನ್ನು ಬರೆದಿಡತಕ್ಕುದು. ದಿನಕ್ಕೆ ಒಂದು ಗಂಟೆಯನ್ನು ಹಿಂದುಳಿದವರಿಗಾಗಿ ಮೀಸಲಿಟ್ಟು, ಅವರು ನಿಂತಲ್ಲಿಂದಲೇ ಕಲಿಸತಕ್ಕುದು. ಆ ಗುಂಪಿನ ಮಕ್ಕಳಿಗೆ ದಡ್ಡರೆಂಬ ಹೆಸರು ಅಂಟದಂತೆ, ಕಲಿತೊಡನೆಯೇ ಮುಂದಿನ ಗುಂಪಿಗೆ ಏರಿಸತಕ್ಕುದು. ಪ್ರಸಾದನಿಲಯದಲ್ಲಿ ಶಿಕ್ಷೆಯ ಅಧಿಕಾರವಿಲ್ಲದ, ಕೇಳುವ ಕಿವಿಯುಳ್ಳ ಒಬ್ಬರನ್ನು ನೇಮಿಸತಕ್ಕುದು. ಅಲ್ಲಿಯ ಪೆಟ್ಟಿಗೆಯ ಬೀಗದ ಕೈಯು ಮೇಲ್ವಿಚಾರಕರಲ್ಲಿರದೆ ಅವರಲ್ಲಿಯೇ ಇರಲಿ. ಮೂರು ತಿಂಗಳಿಗೊಮ್ಮೆ ಮತ್ತೆ ಓದಿಸಿ ನೋಡಿ, ಫಲಿಸಿದುದನ್ನು ಮುಂದುವರಿಸಿ, ಫಲಿಸದುದನ್ನು ಅಭಿಮಾನಪಡದೆ ಬಿಡತಕ್ಕುದು. ಭಕ್ತರಾದವರೂ ಶಾಲೆಗೆ ಬಂದಾಗ ಕಟ್ಟಡದ ಮೇಲಣ ತಮ್ಮ ಹೆಸರನ್ನು ಓದುವುದರೊಡನೆ, ಕೊನೆಯ ಸಾಲಿನ ಒಂದು ಮಗುವಿನ ಬಾಯಿಂದ ನಾಲ್ಕು ಸಾಲುಗಳನ್ನು ಓದಿಸಿ ಕೇಳಲಿ.

ಮಹೋತ್ಸವದ ದೀಪಗಳು ಇನ್ನು ಕೆಲವು ದಿನಗಳಲ್ಲಿ ಇಳಿಯುತ್ತವೆ, ಚಪ್ಪರವು ಬಿಚ್ಚುತ್ತದೆ. ನಾಳೆಯೂ ಪಂಕ್ತಿ ನಡೆಯುತ್ತದೆ. ಬಡಿಸುವವನು ಎಲೆಗಳನ್ನು ನೋಡುತ್ತ ನಡೆಯುತ್ತಾನೆ. ಆ ನೋಟವು ಊಟದ ಮನೆಯಿಂದ ಪಾಠದ ಮನೆಗೂ ಮಲಗುವ ಮನೆಗೂ ಬರಲಿ. ಕೇಳಲು ನಾಚುವ ಒಂದು ಮಗುವಾದರೂ ಹಸಿದು ಏಳದಂತಾದರೆ ಈ ಮಹೋತ್ಸವವು ಸಾರ್ಥಕವಾದಂತೆ.