ಮಹಿಷನ ಮೀಸೆ, ನಾಗವಲ್ಲಿಯ ನಾಲಿಗೆ

(ಚಾಮುಂಡಿ ಬೆಟ್ಟದಲ್ಲಿ ಗೆಳೆಯರು ಸೇರಿ ನಡೆಸಿದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳು. ಅಂದು ಬರಲಾಗದ ಓದುಗ ಬಂಧುಗಳಿಗಾಗಿ ಇಲ್ಲಿ ಅಚ್ಚಾಗಿದೆ.)



ಸಾವಿರ ಮೆಟ್ಟಿಲು ಹತ್ತಿ ಬಂದವರು ಇನ್ನೂ ಏದುಸಿರು ಬಿಡುತ್ತಿದ್ದೀರಿ. ಬಸ್ಸಿನಲ್ಲಿ ಬಂದವರು ಆರಾಮಾಗಿ ಕೂತಿದ್ದೀರಿ.  ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ನಮ್ಮ ತಂದೆಯವರ ಪ್ರೆಸ್ಸಿನಲ್ಲಿ ಕೂತವನು. ವಯಸ್ಸು ನಲವತ್ತು ದಾಟಿದೆ, ಉಗುರಿನ ಸಂದಿಯ ಮಸಿ ಇನ್ನೂ ಹೋಗಿಲ್ಲ. ಥ್ರಿಲ್ಲರ್ ಸಿನಿಮಾಗಳ ಬಗ್ಗೆ ನಾಲ್ಕು ಮಾತಾಡಿ ಎಂದು ಗೆಳೆಯರು ಕೇಳಿದಾಗ, "ರಾಜ್ಯೋತ್ಸವದ ದಿನ ಕೊಲೆ, ದೆವ್ವದ ಮಾತೇನ್ರೀ?" ಅಂದೆ. ಆಮೇಲೆ ಯೋಚಿಸಿದರೆ ಈ ಮಾತಿಗೆ ಈ ಬೆಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸಿತು. ಯಾಕೆ ಗೊತ್ತೇ? ನಮ್ಮ ನಾಡಿನ ಅತಿ ಹೆಸರುವಾಸಿ ಖಳನಾಯಕ ನಿಂತಿರುವುದು ಇಲ್ಲೇ!

ಬಸ್ಸಿಳಿದು ಬಂದ ಕೂಡಲೇ ಕಾಣುವ ಆ ಮಹಿಷಾಸುರನ ಪ್ರತಿಮೆಯನ್ನು ಒಮ್ಮೆ ನೆನೆಸಿಕೊಳ್ಳಿ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಹಾವು. ಕೆಂಡದಂಥ ಕಣ್ಣು, ಹುರಿಮೀಸೆ, ಮೈ ತುಂಬಾ ಬಣ್ಣ. ಪುರಾಣ ಓದದ ಮಗುವೂ ಅವನನ್ನು ಕಂಡು ಅಮ್ಮನ ಸೆರಗು ಹಿಡಿಯುತ್ತದೆ. ಅವನು ಏನು ಮಾಡಿದ ಎಂದು ಮಗುವಿಗೆ ಯಾರೂ ಹೇಳಿಲ್ಲ. ವೇಷ ನೋಡಿದ್ದೇ ಸಾಕು, ತೀರ್ಪು ಆಗಿಹೋಯಿತು. ಥ್ರಿಲ್ಲರ್ ಸಿನಿಮಾ ನಡೆಯುವುದೇ ಈ ಗುಟ್ಟಿನ ಮೇಲೆ. ವೇಷ ನೋಡಿ ತೀರ್ಪು ಕೊಡುವ ನಮ್ಮ ಅಭ್ಯಾಸವನ್ನು ಅದು ಒಮ್ಮೆ ಬಳಸಿಕೊಳ್ಳುತ್ತದೆ, ಇನ್ನೊಮ್ಮೆ ಅದನ್ನೇ ಇಟ್ಟುಕೊಂಡು ನಮ್ಮನ್ನು ಮೂರ್ಖರನ್ನಾಗಿ ಮಾಡುತ್ತದೆ.

ಇದನ್ನು ಹಾಲಿವುಡ್ಡಿನವರು ಬಂದು ನಮಗೆ ಕಲಿಸಬೇಕಾಗಿರಲಿಲ್ಲ. ಕರಾವಳಿಯ ಯಕ್ಷಗಾನದಲ್ಲಿ 'ದೇವಿ ಮಹಾತ್ಮೆ' ಪ್ರಸಂಗ ನೋಡಿದವರನ್ನು ಕೇಳಿ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಜನ ಕೂತಿರುವ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ, ದೊಂದಿ ಬೆಳಕಿನಲ್ಲಿ ಕೋಡು ಅಲ್ಲಾಡಿಸುತ್ತಾ ಆರ್ಭಟಿಸಿಕೊಂಡು ಬರುತ್ತಾನೆ. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂರುತ್ತಾರೆ. ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಗಳಿಗೆ 'ಬಣ್ಣದ ವೇಷ' ಎಂದೇ ಹೆಸರು. ಭಯ ಎದುರಿನಿಂದ ಬಂದರೆ ಅರ್ಧ, ನಮ್ಮ ನಡುವಿನಿಂದಲೇ ಎದ್ದು ಬಂದರೆ ಪೂರ್ತಿ. ಇದಕ್ಕಿಂತ ದೊಡ್ಡ ಪಾಠ ಯಾವ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಸಿಗುತ್ತದೆ?

ಪೋಸ್ಟರ್ ಹೇಳಿದ ಪಾಠ

ನನ್ನ ಕಸುಬಿನ ಒಂದು ಮಾತು ಹೇಳುತ್ತೇನೆ. ಸಿನಿಮಾ ಪೋಸ್ಟರ್ ಎಂದರೆ ನಾಲ್ಕು ಬಣ್ಣ: ನೀಲಿ, ಕೆಂಪು, ಹಳದಿ, ಕಪ್ಪು. ಈ ನಾಲ್ಕರಲ್ಲೇ ದೇವರನ್ನೂ ಅಚ್ಚು ಹಾಕುತ್ತೇವೆ, ದೆವ್ವವನ್ನೂ ಅಚ್ಚು ಹಾಕುತ್ತೇವೆ. ನಾಯಕಿಯ ಕೆನ್ನೆಗೆ ಕಪ್ಪು ತಗ್ಗಿಸುತ್ತೇವೆ. ಖಳನ ಮುಖಕ್ಕೆ ಕಪ್ಪು, ಕೆಂಪು ಏರಿಸುತ್ತೇವೆ. ಜನ ಥಿಯೇಟರಿನ ಒಳಗೆ ಕಾಲಿಡುವ ಮೊದಲೇ ಯಾರು ಒಳ್ಳೆಯವ, ಯಾರು ಕೆಟ್ಟವ ಎಂದು ಗೋಡೆಯ ಮೇಲೆ ತೀರ್ಮಾನ ಮಾಡಿಬಿಟ್ಟಿರುತ್ತೇವೆ.

ಒಮ್ಮೆ ಒಂದು ಸಣ್ಣ ಚಿತ್ರದವರು ಪೋಸ್ಟರ್ ಮಾಡಿಸಲು ಬಂದಿದ್ದರು. ಪ್ರೂಫ್ ನೋಡಿ, "ಇವನು ವಿಲನ್ ಸಾರ್, ಮುಖಕ್ಕೆ ಇನ್ನೂ ಸ್ವಲ್ಪ ಕಪ್ಪು ಹೊಡೀರಿ" ಅಂದರು. ನಾನು ತಲೆಯಾಡಿಸಿದೆ. ಮೆಷಿನ್ ಹತ್ತಿರ ನಿಂತಿದ್ದ ನಮ್ಮ ಹುಡುಗ ನಗುತ್ತಾ, "ಹಂಗಾದ್ರೆ ನನ್ನ ಫೋಟೋ ಹಾಕ್ಬುಡಿ ಅಣ್ಣ, ಮಸಿ ಉಳೀತದೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದಾಗ ಆ ನಗು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ನನ್ನ ಅನ್ನದಲ್ಲಿ ಪಾಲುದಾರನಾದ ಹುಡುಗನ ಮೈಬಣ್ಣವನ್ನೇ ನಾನು ಕೇಡಿನ ಬಣ್ಣವೆಂದು ಸಾವಿರಗಟ್ಟಲೆ ಅಚ್ಚು ಹಾಕಿ ಊರ ಗೋಡೆಗೆ ಅಂಟಿಸಿದ್ದೆ.

ಹಿಂದಿನ ಚಿತ್ರಗಳನ್ನು ನೋಡಿ. ವಜ್ರಮುನಿಯವರ ಕಣ್ಣು, ಧ್ವನಿ. ತೂಗುದೀಪ ಶ್ರೀನಿವಾಸರ ಗತ್ತು. ಟೈಗರ್ ಪ್ರಭಾಕರ್ ಅವರ ಮೈಕಟ್ಟು. ಇವರು ತೆರೆಗೆ ಬಂದ ಕೂಡಲೇ ಮುಂದಿನ ಬೆಂಚಿನವರಿಂದ ಬೈಗುಳ ಶುರು! ಇವರೆಲ್ಲ ಮಹಾನ್ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಸುತ್ತ ಇದ್ದ ಪುಡಿರೌಡಿಗಳ ವೇಷ ಏನು? ಗೀರು ಬನಿಯನ್, ಚೌಕಳಿ ಲುಂಗಿ, ಕೊರಳಿಗೆ ಕರ್ಚೀಫು. ಅದು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ನಮ್ಮ ಜನರ ಬಟ್ಟೆಯಲ್ಲವೇ?

999ನ ಕೋಟು

ವೇಷ ಕೆಟ್ಟದ್ದಕ್ಕೆ ಮಾತ್ರ ಬಳಕೆಯಾಗಿಲ್ಲ. 1962ರಲ್ಲಿ ಇಂಗ್ಲಿಷಿನಲ್ಲಿ ಜೇಮ್ಸ್ ಬಾಂಡ್ ತೆರೆಗೆ ಬಂದ. ಆರೇ ವರ್ಷದಲ್ಲಿ, 1968ರಲ್ಲಿ, ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ತಂದಿತು. ಸಿ.ಐ.ಡಿ. 999 ಆಗಿ ಡಾ. ರಾಜ್‌ಕುಮಾರ್. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಬಂದವರು, ಕಿರೀಟ ಇಟ್ಟು ಪುರಾಣದ ಪಾತ್ರಗಳನ್ನು ಮಾಡಿದವರು, ಕೋಟು ತೊಟ್ಟು ಪಿಸ್ತೂಲು ಹಿಡಿದರು. ಬಾಯಿ ತೆರೆದರೆ ಅಚ್ಚ ಕನ್ನಡ! ಪತ್ತೇದಾರಿಕೆ, ವಿಮಾನ, ವಿಜ್ಞಾನ ಎಲ್ಲ ಇಂಗ್ಲಿಷಿಗೇ ಸೈ, ಕನ್ನಡ ಮನೆ ದೇವರ ಪೂಜೆಗೆ ಎಂದು ಮೂಗು ಮುರಿಯುತ್ತಿದ್ದವರಿಗೆ ಆ ಕೋಟೇ ಉತ್ತರವಾಗಿತ್ತು. ಆ ಸರಣಿಯಲ್ಲಿ ಮುಂದೆ ಗೋವಾದ ಕಥೆ ಬಂತು, 'ಜಾಕ್‌ಪಾಟ್' ಬಂತು, 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂತು.

ಆಮೇಲೆ ಬಂದ ಜಾಣರು ವೇಷದ ಆಟವನ್ನೇ ತಿರುಗಿಸಿದರು. 1978ರಲ್ಲಿ ಕಾಶೀನಾಥ್ 'ಅಪರಿಚಿತ' ಮಾಡಿದರು. ಅದನ್ನು 1981ರಲ್ಲಿ ತಾವೇ ಹಿಂದಿಯಲ್ಲಿ 'ಬೇಷಕ್' ಎಂದು ತೆಗೆದರು. ನಾವು ಹಿಂದಿಯಿಂದ ಎರವಲು ತರುವವರು ಎಂದು ಹೀಯಾಳಿಸುವವರು ಇದನ್ನು ನೆನಪಿಡಬೇಕು. ಸುನಿಲ್ ಕುಮಾರ್ ದೇಸಾಯಿ 1989ರಲ್ಲಿ 'ತರ್ಕ', 1993ರಲ್ಲಿ 'ನಿಷ್ಕರ್ಷ' ತಂದರು. ಹಾಡೇ ಇಲ್ಲದ ಸಿನಿಮಾ! ಹಾಡಿಲ್ಲದಿದ್ದರೆ ಕನ್ನಡಿಗ ಥಿಯೇಟರಿಗೆ ಬರುವುದಿಲ್ಲ ಎನ್ನುತ್ತಿದ್ದ ಗಾಂಧಿನಗರದ ಲೆಕ್ಕಾಚಾರ ತಲೆಕೆಳಗಾಯಿತು. ಮಣಿಪಾಲದ ಒಂದು ಬ್ಯಾಂಕು, ಒಳಗೆ ದರೋಡೆಕೋರರು, ಸಿಕ್ಕಿಬಿದ್ದ ಜನ. ಅಷ್ಟರಲ್ಲೇ ಕುರ್ಚಿಯ ತುದಿಗೆ ತಂದು ಕೂರಿಸಿದರು. ನಾವೂ ನಿತ್ಯ ಹೋಗುವ ಜಾಗ ಅದು. ನಮಗೂ ಹೀಗಾಗಬಹುದು ಎನ್ನುವ ಅಳುಕೇ ಅಲ್ಲಿ ಕೆಲಸ ಮಾಡಿದ್ದು.

ಇದೇ ವಸ್ತುವಿನ ಬಲ. ವೇಷ ಕಣ್ಣನ್ನು ಹಿಡಿಯುತ್ತದೆ, ವಸ್ತು ಮನಸ್ಸನ್ನು ಹಿಡಿಯುತ್ತದೆ. 2016ರಲ್ಲಿ ಪವನ್ ಕುಮಾರ್ ಮಾಡಿದ 'ಯು ಟರ್ನ್' ನೋಡಿ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಅಡ್ಡ ಇಟ್ಟ ಕಲ್ಲನ್ನು ಸರಿಸಿ ಗಾಡಿ ತಿರುಗಿಸಿಕೊಂಡು ಹೋಗುವವರು. ಅಷ್ಟೇ ಎಳೆ! ಅಲ್ಲಿ ಕೇಡಿಗೆ ಕೋಡಿಲ್ಲ, ಮೀಸೆಯಿಲ್ಲ. ಎರಡು ನಿಮಿಷ ಉಳಿಸುವ ನಮ್ಮ ನಿಮ್ಮಂಥವರದ್ದೇ ಮುಖ. ಆ ಕಲ್ಲು ಮಲಯಾಳ, ತಮಿಳು, ತೆಲುಗು, ಹಿಂದಿಗೆ ಹೋಯಿತು. ಫಿಲಿಪೀನ್ಸ್ ದೇಶದವರೂ ಅದನ್ನು ತಮ್ಮ ಸಿನಿಮಾ ಮಾಡಿಕೊಂಡರು. ನಮ್ಮ ರಸ್ತೆಯ ಕಥೆಯನ್ನು ನಮ್ಮ ಭಾಷೆಯಲ್ಲಿ ಸರಿಯಾಗಿ ಹೇಳಿದರೆ ಲೋಕವೇ ಬಂದು ಕೇಳುತ್ತದೆ.

2015ರ ಜುಲೈನಲ್ಲಿ ಬಂದ ಅನೂಪ್ ಭಂಡಾರಿಯವರ 'ರಂಗಿತರಂಗ' ಕೂಡ ಹಾಗೆಯೇ. ಕಮರೊಟ್ಟು ಎಂಬ ಕಲ್ಪನೆಯ ಊರು, ತುಳುನಾಡಿನ ಭೂತದ ನೆರಳು, ಹೆಚ್ಚಿನವು ಹೊಸ ಮುಖಗಳು. ಅಪರಾಧಿ ಯಾರೆಂದು ನಾನು ಹೇಳುವುದಿಲ್ಲ, ನೋಡದವರು ಇನ್ನೂ ಇದ್ದಾರು. ಗಡಸು ದನಿಯ ಸಾಯಿಕುಮಾರ್ ಅವರನ್ನು ಕಂಡ ಕೂಡಲೇ ನಾವು ಏನೇನು ಲೆಕ್ಕ ಹಾಕಿದೆವು ಎಂಬುದನ್ನು ನೋಡಿದವರು ನೆನೆಸಿಕೊಂಡರೆ ಸಾಕು. ಒಂದೇ ವಾರಕ್ಕೆ 'ಬಾಹುಬಲಿ' ಬಂತು. ಮಲ್ಟಿಪ್ಲೆಕ್ಸುಗಳಲ್ಲಿ ನಮ್ಮ ಚಿತ್ರದ ಆಟಗಳಿಗೆ ಕತ್ತರಿ ಬಿತ್ತು. ಕನ್ನಡಿಗರು ಬೀದಿಗಿಳಿದು ಕೇಳಿದರು, ಚಿತ್ರ ಉಳಿಯಿತು, ತಿಂಗಳುಗಟ್ಟಲೆ ಓಡಿತು. ಕೇಳುವ ಬಾಯಿ ಇದ್ದರೆ ಚಿತ್ರಕ್ಕೆ ಆಯುಸ್ಸು.

ನಾಗವಲ್ಲಿಯ ನಾಲಿಗೆ

ಬಂಧುಗಳೇ, ಈಗ ನಾನು ಹೇಳಲೇಬೇಕೆಂದು ಬಂದ ಮಾತಿಗೆ ಬರುತ್ತೇನೆ.

2004ರ 'ಆಪ್ತಮಿತ್ರ'ವನ್ನು ನೋಡದ ಕನ್ನಡಿಗರುಂಟೇ? ಮನೆಯ ಸೊಸೆ ಗಂಗಾ. ಮೃದು ಮಾತು, ನಗುಮುಖ. ಒಂದು ಹೊತ್ತಿನಲ್ಲಿ ಕೂದಲು ಬಿಚ್ಚಿತು, ಕಣ್ಣಿನ ಕಾಡಿಗೆ ಹರಡಿತು, ಗೆಜ್ಜೆ ಕಟ್ಟಿದಳು, ನಾಗವಲ್ಲಿಯಾದಳು. ಆದರೆ ನಮ್ಮ ರೋಮ ನಿಂತದ್ದು ಕೂದಲು ಕಂಡಾಗಲ್ಲ. ಕನ್ನಡ ಆಡುತ್ತಿದ್ದ ಅದೇ ಬಾಯಿಂದ ತೆಲುಗು ಬಂತಲ್ಲ, ಆಗ! ಬಟ್ಟೆ ಬದಲಾದರೆ ವೇಷ ಬದಲಾಯಿತು ಎನ್ನುತ್ತೇವೆ. ನುಡಿ ಬದಲಾದರೆ ಆಳೇ ಬದಲಾದ ಹಾಗೆ. ಭಾಷೆ ಬರೀ ವ್ಯವಹಾರದ ಸಾಧನ ಎನ್ನುವ ಮೇಧಾವಿಗಳನ್ನು ಹಿಡಿದು ತಂದು ಈ ಒಂದು ದೃಶ್ಯ ತೋರಿಸಬೇಕು.

ಇದರ ಮೂಲ 1993ರ ಮಲಯಾಳ ಚಿತ್ರ 'ಮಣಿಚಿತ್ರತ್ತಾಳ್'. ಅಲ್ಲಿ ನಾಗವಲ್ಲಿ ಆಡುವುದು ತಮಿಳು. 2007ರಲ್ಲಿ ಹಿಂದಿಗೆ ಹೋದಾಗ ಅವಳು ಬಂಗಾಳಿ ನರ್ತಕಿಯಾದಳು. ಅಂದರೆ ಮಲಯಾಳಿಗೆ ತಮಿಳು ದೆವ್ವ, ಕನ್ನಡಿಗನಿಗೆ ತೆಲುಗು ದೆವ್ವ, ಹಿಂದಿಯವನಿಗೆ ಬಂಗಾಳಿ ದೆವ್ವ. ಪ್ರತಿಯೊಬ್ಬನೂ ದೆವ್ವದ ಬಾಯಿಗೆ ಇನ್ನೊಬ್ಬನ ತಾಯಿನುಡಿಯನ್ನು ಇಟ್ಟ! ನಾಳೆ ಯಾರೋ ಒಬ್ಬ ತನ್ನ ಚಿತ್ರದ ದೆವ್ವಕ್ಕೆ ಕನ್ನಡ ಆಡಿಸಿದರೆ ನಮಗೆ ಹೇಗಾದೀತು? ಎದೆ ಮೇಲೆ ಕೈಯಿಟ್ಟು ಹೇಳಿ.

ಆ ಪಾತ್ರ ಮಾಡಿದ ಸೌಂದರ್ಯ ಗಡಿ ಜಿಲ್ಲೆ ಕೋಲಾರದ ಮುಳಬಾಗಿಲು ಕಡೆಯವರು. ತೆಲುಗರು ತಲೆ ಮೇಲೆ ಹೊತ್ತು ಮೆರೆಸಿದ ನಟಿ ನಮ್ಮ ಹೆಣ್ಣುಮಗಳು. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದಾಗ ಅವರು ಇರಲಿಲ್ಲ. ಎರಡೂ ಭಾಷೆಯ ಜನ ಅತ್ತರು. ಕಥೆಯ ಒಳಗಾದರೂ ನಾಗವಲ್ಲಿ ಯಾರು? ರಾಜನೊಬ್ಬನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ. ಅವಳ ಕಥೆ ಗೊತ್ತಾದ ಮೇಲೆ ಭಯ ಕರಗಿ ಮರುಕ ಬರುತ್ತದೆ. ಮಹಿಷನೂ ಅಷ್ಟೆ. ಅವನು ಅಸುರನಲ್ಲ, ಈ ನಾಡನ್ನಾಳಿದ ದೊರೆ ಎಂದು ನಂಬಿ ಮಹಿಷ ದಸರಾ ಮಾಡುವವರು ಇದೇ ಮೈಸೂರಿನಲ್ಲಿದ್ದಾರೆ. ಅದನ್ನು ಒಪ್ಪದವರೂ ಇದ್ದಾರೆ. ಆ ವಾದಕ್ಕೆ ನಾನಿಲ್ಲಿ ತೀರ್ಪು ಕೊಡಲಾರೆ. ಊರಿನ ಹೆಸರಿನಲ್ಲೇ ಕೂತವನನ್ನು ಮೀಸೆ ನೋಡಿ ಮಾತ್ರ ಅಳೆಯಬೇಡಿ ಎಂದಷ್ಟೇ ಹೇಳುತ್ತೇನೆ.

ನಮ್ಮ ಹೆಗಲ ಮೇಲಿನ ಶಾಲು

ಇದೆಲ್ಲ ನಮಗೇಕೆ ಎನ್ನುತ್ತೀರಾ? ನಿಮ್ಮ ಹೆಗಲು ನೋಡಿಕೊಳ್ಳಿ. ಹಳದಿ ಕೆಂಪು ಶಾಲು. ಅದನ್ನು ಹೊದ್ದು ಅಂಗಡಿಯ ಮುಂದೆ ನಿಂತು "ಬೋರ್ಡಿನಲ್ಲಿ ಕನ್ನಡ ಹಾಕಿ ಸ್ವಾಮಿ" ಎಂದು ಕೈಮುಗಿದು ಕೇಳಿದರೂ, "ಬಂದ್ರಪ್ಪ ರೌಡಿಗಳು" ಎಂಬ ಪಿಸುಮಾತು ಕೇಳುತ್ತದೆ. ನಾವು ಬಾಯಿ ತೆರೆಯುವ ಮೊದಲೇ ನಮ್ಮ ಪೋಸ್ಟರ್ ಅಚ್ಚಾಗಿರುತ್ತದೆ, ಮುಖಕ್ಕೆ ಕಪ್ಪು ಹೊಡೆದಿರುತ್ತಾರೆ. ವೇಷ ನೋಡಿ ಅಳೆಸಿಕೊಂಡ ನೋವು ಏನೆಂದು ಬಲ್ಲ ನಾವು ಇನ್ನೊಬ್ಬರನ್ನು ಹಾಗೆ ಅಳೆಯಬಹುದೇ? ಕನ್ನಡದ ಕೆಲಸ ನಿಷ್ಠುರವಾಗಿ ಮಾಡೋಣ. ಆದರೆ ಪಕ್ಕದ ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ಕೇಳಿದ ಕೂಡಲೇ ಅಲ್ಲೊಬ್ಬ ಖಳನಾಯಕನಿದ್ದಾನೆ ಎಂದುಕೊಂಡರೆ, ನಾವೂ ಕೆಟ್ಟ ಸಿನಿಮಾ ನೋಡಿ ಕೆಟ್ಟವರಾದಂತೆ.

ನಮ್ಮ ಚಿತ್ರದವರಿಗೂ ಒಂದು ಮಾತು. ಹುಬ್ಬಳ್ಳಿ ಕಡೆಯ ಮಾತು, ಮಂಗಳೂರಿನ ಕನ್ನಡ, ಚಾಮರಾಜನಗರದ ನುಡಿ ಇವನ್ನು ಕೆಲಸದವರಿಗೂ ರೌಡಿಗಳಿಗೂ ನಗೆಪಾತ್ರಕ್ಕೂ ಎಷ್ಟು ದಿನ ಮೀಸಲಿಡುತ್ತೀರಿ? 2014ರಲ್ಲಿ ರಕ್ಷಿತ್ ಶೆಟ್ಟಿ 'ಉಳಿದವರು ಕಂಡಂತೆ' ಚಿತ್ರದಲ್ಲಿ ಮಲ್ಪೆಯ ಕಡಲ ತೀರದ ಕನ್ನಡವನ್ನೇ ಕಥೆಯ ಉಸಿರು ಮಾಡಿ ತೋರಿಸಲಿಲ್ಲವೇ? ಅಲ್ಲಿ ಆ ನುಡಿ ಕೇಳಿ ಯಾರೂ ಗೇಲಿ ಮಾಡಲಿಲ್ಲ.

ಕೊನೆಗೆ ನಿಮ್ಮಲ್ಲಿ ಮೂರು ಬಿನ್ನಹ. ಒಂದು, ಒಳ್ಳೆಯ ಕನ್ನಡ ಥ್ರಿಲ್ಲರ್ ಬಂದರೆ ಮೊದಲ ವಾರವೇ ಟಿಕೆಟ್ ಕೊಂಡು ನೋಡಿ. ಎರಡನೇ ವಾರಕ್ಕೆ ಅದು ಇರುತ್ತದೋ ಇಲ್ಲವೋ. ಎರಡು, ಪೋಸ್ಟರಿನಲ್ಲಿ ಇಂಗ್ಲಿಷ್ ಗೇಣುದ್ದ, ಕನ್ನಡ ಇರುವೆ ಗಾತ್ರ ಇದ್ದರೆ ಕೇಳಿ. ನನ್ನ ಪ್ರೆಸ್ಸಿನಲ್ಲಿ ಮಾಡಿದ್ದಾದರೆ ನನ್ನನ್ನೇ ಕೇಳಿ. ಮೂರು, ಖಳನಾಯಕ ತೆರೆಗೆ ಬಂದಾಗ ಒಂದು ಕ್ಷಣ ಯೋಚಿಸಿ: ಇವನನ್ನು ಕೆಟ್ಟವನೆಂದು ನನಗೆ ಹೇಳಿದ್ದು ಅವನ ಕೆಲಸವೋ, ಅವನ ಮೈಬಣ್ಣವೋ, ಅವನ ಮಾತೋ?

ಆ ಪೋಸ್ಟರ್ ಏನಾಯಿತು ಎಂದು ಕೆಲವರು ಕೇಳಬಹುದು. ಅದು ಹಾಗೆಯೇ ಅಚ್ಚಾಗಿ ಹೋಯಿತು, ಸುಳ್ಳು ಹೇಳಲಾರೆ. ಅದರ ಮುಂದಿನ ಕೆಲಸದಲ್ಲಿ ಮತ್ತೊಬ್ಬರು ಅದೇ ಮಾತು ಹೇಳಿದಾಗ, "ಇರುವ ಬಣ್ಣ ಇರಲಿ ಸಾರ್" ಅಂದೆ. ನಮ್ಮ ಹುಡುಗ ಏನೂ ಅನ್ನಲಿಲ್ಲ. ತಲೆ ಬಗ್ಗಿಸಿ ಪ್ಲೇಟ್ ಒರೆಸಿದ, ಮೆಷಿನ್ ಶುರು ಮಾಡಿದ.

ಇಳಿಯುವಾಗ ಮೆಟ್ಟಿಲು ನೋಡಿಕೊಂಡು ಇಳಿಯಿರಿ.

ಸಿರಿಗನ್ನಡಂ ಗೆಲ್ಗೆ!